ಎರ್ಸೀಲಿಯಾ ರಸ್ತೆ ದಾಟಿದ್ದು

ಎರ್ಸೀಲಿಯಾ ಚಾರ್ಲೆತ್ತಾ ಹುಟ್ಟಿದ್ದು, ಬೆಳೆದದ್ದು, ಐವತ್ತೈದು ವರ್ಷ ಬಾಳಿದ್ದು ಎಲ್ಲವೂ ಒಂದೇ ಮನೆಯಲ್ಲಿ. ದಕ್ಷಿಣ ಫಿಲಡೆಲ್ಫಿಯಾದಲ್ಲಿ ಇಟಲಿಯವರೇ ತುಂಬಿಕೊಂಡಿದ್ದ ಒಂದು ಇಕ್ಕಟ್ಟಾದ ಬೀದಿ, ಗೋಡೆಗೆ ಗೋಡೆ ಅಂಟಿಕೊಂಡ ಇಟ್ಟಿಗೆ ಮನೆಗಳು. ಕೆಳಗೆ ಅಪ್ಪ ವೆನಾನ್ಸಿಯೊನ ಬೂಟು ರಿಪೇರಿ ಅಂಗಡಿ, ಮೇಲೆ ಮನೆ. ಅವಳ ಕಿಟಕಿಗೆ ನೇರ ಎದುರಿಗೆ ಪಾಂಫಿಲೊನ ಹೋಟೆಲು. ನಡುವೆ ಹದಿನಾರು ಹೆಜ್ಜೆಯ ರಸ್ತೆ. ಆ ಹದಿನಾರು ಹೆಜ್ಜೆಯನ್ನು ಅವಳು ಒಂದು ಸಲವೂ ಇಟ್ಟಿರಲಿಲ್ಲ.

ಹಾಗಂತ ಹೋಟೆಲಿನ ವಿಷಯ ಅವಳಿಗೆ ತಿಳಿಯದೆಂದಲ್ಲ. ಅಲ್ಲಿ ದಿನಾ ಉಣ್ಣುವವರಿಗಿಂತ ಒಂದು ಕೈ ಹೆಚ್ಚೇ ತಿಳಿದಿತ್ತು. ಸೋಮವಾರ ರಜೆ. ಮಂಗಳವಾರ ಬೆಳ್ಳುಳ್ಳಿ ಎಣ್ಣೆಗೆ ಬಿದ್ದ ಘಾಟಿನ ಬೆನ್ನಿಗೇ ಕಹಿಸೊಪ್ಪು ಬಾಡುವ ವಾಸನೆ ಬಂತೆಂದರೆ ಸೊಪ್ಪು ಮತ್ತು ಬಿಳಿ ಬೀನ್ಸ್ ಕಾಳಿನ ಸೂಪು. ಗುರುವಾರ ಕೋಳಿ ಸಾರು. ದೋಸೆಗಿಂತ ತೆಳ್ಳಗೆ ಹುಯ್ದ ಹಾಳೆಯ ಮೇಲೆ ಚೀಸ್ ಉದುರಿಸಿ, ಸುರುಳಿ ಸುತ್ತಿ ಆ ಸಾರಿನಲ್ಲಿ ಮುಳುಗಿಸಿ ಕೊಡುತ್ತಾರೆಂದು ಅವಳು ಕೆಲಸ ಮಾಡುವ ಕಾರ್ಖಾನೆಯ ಹೆಂಗಸರು ಹೇಳಿದ್ದರು. ಶುಕ್ರವಾರ ಏಡಿ ಹಾಕಿದ ಟೊಮೆಟೊ ಗ್ರೇವಿ. ಅವತ್ತು ಬೀದಿಗೆ ಬೀದಿಯೇ ಎದ್ದು ಸಮುದ್ರದ ದಡಕ್ಕೆ ಹೋಗಿ ಕೂತ ಹಾಗಿರುತ್ತಿತ್ತು. ಬೇಸಿಗೆಯಲ್ಲಿ ಅವರು ಅಡುಗೆಮನೆಯ ಕಿಟಕಿ ತೆರೆದಿಟ್ಟರೆ ಯಾವ ಗ್ರೇವಿಗೆ ಹಂದಿ ಮಾಂಸ ಬಿದ್ದಿದೆ, ಯಾವುದಕ್ಕೆ ದನದ್ದು ಎಂದು ಇಲ್ಲಿ ಹಾಸಿಗೆಯ ಮೇಲೆ ಮಲಗಿದ್ದೇ ಹೇಳಬಲ್ಲಳಾಗಿದ್ದಳು. ಒಂದು ವಾಸನೆ ಮಾತ್ರ ಅವಳ ಕೈಗೆ ಸಿಕ್ಕಿರಲಿಲ್ಲ. ದಿನಾ ಸಂಜೆ ನಾಲ್ಕರ ಹೊತ್ತಿಗೆ ಬರುತ್ತಿದ್ದ, ಕಹಿಯೂ ಸಿಹಿಯೂ ಕೂಡಿದ, ಸ್ವಲ್ಪ ಸುಟ್ಟಂಥ ಒಂದು ವಾಸನೆ. ಅದು ಯಾವ ಅಡುಗೆಯದೆಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿರಲಿಲ್ಲ.

ಅವಳಿಗೆ ಹತ್ತು ವರ್ಷವಾಗಿದ್ದಾಗ ಅಪ್ಪ ಒಂದೇ ಒಂದು ಸಲ ಹೇಳಿದ್ದ: "ಆ ಹೊಸಿಲು ತುಳೀಬಾರದು." ಯಾಕೆಂದು ಹೇಳಲಿಲ್ಲ. ಅಮ್ಮನನ್ನು ಕೇಳಿದರೆ, "ಅವರನ್ನ ಕೇಳ್ಬೇಡ, ನನ್ನನ್ನೂ ಕೇಳ್ಬೇಡ. ಹೋಗು, ಬಟಾಣಿ ಸುಲಿ" ಎಂದಿದ್ದಳು. ಬೀದಿಯವರು ತಲೆಗೊಂದು ಕಾರಣ ಕೊಡುತ್ತಿದ್ದರು. ಇಸ್ಪೀಟಾಟದಲ್ಲಿ ಜಗಳವಾಯಿತು ಅಂತ ಒಬ್ಬರು, ಊರಲ್ಲಿದ್ದಾಗಿನ ಹಳೇ ದ್ವೇಷ ಅಂತ ಇನ್ನೊಬ್ಬರು. ಪಾಂಫಿಲೊ, ವೆನಾನ್ಸಿಯೊ ಇಬ್ಬರೂ ಅಬ್ರುತ್ಸೊ ಬೆಟ್ಟಸೀಮೆಯ ಒಂದೇ ಹಳ್ಳಿಯವರು, ಒಂದೇ ಹಡಗಿನಲ್ಲಿ ಬಂದವರು. ಅಂಥವರು ಹದಿನಾರು ಹೆಜ್ಜೆಯ ದೂರದಲ್ಲಿದ್ದುಕೊಂಡು ಒಬ್ಬರ ಮುಖ ಒಬ್ಬರು ನೋಡದೆ ಮೂವತ್ತು ವರ್ಷ ಕಳೆದರು. ಪಾಂಫಿಲೊ ಸತ್ತಾಗ ವೆನಾನ್ಸಿಯೊ ಅಂಗಡಿಯ ಬಾಗಿಲು ಹಾಕಿ ದಿನವಿಡೀ ಒಳಗೇ ಕೂತಿದ್ದ. ಮಣ್ಣಿಗೆ ಮಾತ್ರ ಹೋಗಲಿಲ್ಲ.

ವಿಚಿತ್ರವೆಂದರೆ, ಇಷ್ಟು ದ್ವೇಷವಿದ್ದರೂ ಆತ ದಿನಾ ಸಂಜೆ ಅಂಗಡಿಯಿಂದ ಮೇಲೆ ಬಂದು, ಕೈ ತೊಳೆದು ಕೂತ ಕೂಡಲೇ ಮಗಳನ್ನು ಕೇಳುತ್ತಿದ್ದ: "ಇವತ್ತು ಏನಂತೆ ಎದುರುಗಡೆ?"

ಎರ್ಸೀಲಿಯಾ ಹೇಳುತ್ತಿದ್ದಳು. ಮೊದಲು ಈರುಳ್ಳಿ ಬಿತ್ತು, ಆಮೇಲೆ ಮಾಂಸ, ವೈನ್ ಸುರಿದರು, ಈಗ ಟೊಮೆಟೊ ಕುದಿಯುತ್ತಿದೆ, ತುಳಸಿಯಂಥ ಸೊಪ್ಪು ಈಗಷ್ಟೇ ಹರಿದು ಹಾಕಿದರು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಶತ್ರುವಿನ ಒಲೆಯ ಮೇಲೂ ಎಂಥ ಕಾವಲು ಎಂದು ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು. ಆಮೇಲೆ ಅವಳು ಬಡಿಸಿದ್ದರ ಮೇಲೆ ಒಣಮೆಣಸಿನ ತರಿ ಸುರಿದುಕೊಂಡು, ವಿನೆಗರ್ ಹುಯ್ದುಕೊಂಡು ಉಣ್ಣುತ್ತಿದ್ದ. ಯಾವತ್ತೂ "ಚೆನ್ನಾಗಿದೆ" ಎಂಬ ಒಂದೇ ಮಾತು. ತಳ ಹಿಡಿದರೂ ಚೆನ್ನಾಗಿದೆ, ಹಾಲು ಕೆಟ್ಟರೂ ಚೆನ್ನಾಗಿದೆ. ಇಷ್ಟು ತಾಪತ್ರಯವಿಲ್ಲದ ಗಂಡಸು ಬೀದಿಯಲ್ಲೇ ಇಲ್ಲವೆಂದು ಅಕ್ಕಪಕ್ಕದವರು ಹೊಟ್ಟೆಕಿಚ್ಚುಪಡುತ್ತಿದ್ದರು.

ಅಮ್ಮ ತೀರಿಕೊಂಡಾಗ ಎರ್ಸೀಲಿಯಾಗೆ ಹದಿನೇಳು. ಅದೇ ವರ್ಷ ಕೋಟು ಹೊಲಿಯುವ ಕಾರ್ಖಾನೆಗೆ ಸೇರಿ ಗುಂಡಿಮನೆ ಹೊಲಿಯತೊಡಗಿದಳು. ಇಪ್ಪತ್ತೈದರಲ್ಲಿ ಒಂದು ಸಂಬಂಧ ಕೂಡಿಬಂತು. ಒತ್ತಾವಿಯೊ ಎಂದು ಹೆಸರು. ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವ, ನಗುಮುಖದವ. ನಿಶ್ಚಿತಾರ್ಥದ ಊಟ ಪಾಂಫಿಲೊನ ಹೋಟೆಲಲ್ಲೇ ಆಗಬೇಕೆಂದು ಒತ್ತಾವಿಯೊನ ತಾಯಿ ಪಟ್ಟು ಹಿಡಿದಳು. ಅವರ ಮನೆಯ ಮೂರು ಮದುವೆಯ ಊಟವೂ ಅಲ್ಲೇ ಆಗಿತ್ತಂತೆ. ವೆನಾನ್ಸಿಯೊ ಬರುವುದಿಲ್ಲ ಎಂದ. ಕಾರಣ ಕೇಳಿದರೆ ಬೂಟಿನ ಹಿಮ್ಮಡಿಗೆ ಮೊಳೆ ಹೊಡೆಯತೊಡಗಿದ. "ನಮ್ಮ ಜೊತೆ ಕೂತು ಉಣ್ಣೋಕಾಗದ ಬೀಗರು ನಮಗೆ ಬೇಡ" ಎಂದು ಆಕೆ ಹೇಳಿ ಕಳಿಸಿದಳು. ಒತ್ತಾವಿಯೊ ಎರಡು ತಿಂಗಳು ಅತ್ತ ಇತ್ತ ಓಡಾಡಿ, ಆಮೇಲೆ ಓಡಾಡುವುದನ್ನು ನಿಲ್ಲಿಸಿದ.

ಎರ್ಸೀಲಿಯಾ ಅಪ್ಪನ ಜೊತೆ ಒಂದು ವಾರ ಮಾತು ಬಿಟ್ಟಳು. ಎಂಟನೇ ದಿನ ಆತ ಎಂದಿನಂತೆ, "ಇವತ್ತು ಏನಂತೆ ಎದುರುಗಡೆ?" ಎಂದ. ಮೆತ್ತಗೆ, ಬೇಡುವವನ ಹಾಗೆ ಕೇಳಿದ. ಅವಳು ಹೇಳಿದಳು. ಹಾಗೇ ಮೂವತ್ತು ವರ್ಷ ಹೇಳುತ್ತ ಹೋದಳು.

ವೆನಾನ್ಸಿಯೊ ಸತ್ತದ್ದು ಎಂಬತ್ತೆರಡನೆಯ ವಯಸ್ಸಿನಲ್ಲಿ, ೧೯೭೯ರ ಮಾರ್ಚಿನಲ್ಲಿ. ಮಣ್ಣಿನ ಮಾರನೆಯ ದಿನ ಎದುರು ಹೋಟೆಲಿನಿಂದ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆಯೊಂದು ಬಂತು. ಸುಟ್ಟ ದೊಣ್ಣೆಮೆಣಸಿನಕಾಯಿ, ಮಾಂಸದ ಉಂಡೆ. ಎರ್ಸೀಲಿಯಾ ಅದರ ಬಟ್ಟೆ ಎತ್ತಿ ನೋಡಿದಳು, ಮತ್ತೆ ಮುಚ್ಚಿದಳು, ಪಕ್ಕದ ಮನೆಯವರಿಗೆ ಕೊಟ್ಟಳು. ತಟ್ಟೆ ಹಿಂದಿರುಗಿಸಬೇಕಲ್ಲ! ಅದಕ್ಕೂ ಪಕ್ಕದ ಮನೆಯವರನ್ನೇ ಕಳಿಸಿದಳು. ಅಪ್ಪನಿಲ್ಲ, ತಡೆಯುವವರು ಯಾರೂ ಇಲ್ಲ. ಆದರೂ ಕಾಲು ಏಳಲಿಲ್ಲ. ಏಪ್ರಿಲ್ ಹೋಯಿತು, ಬೇಸಿಗೆ ಹೋಯಿತು. ಒಂದು ದಿನ ಮೂಲೆಯವರೆಗೆ ಹೋಗಿ ತಿರುಗಿ ಬಂದಳು. ಇನ್ನೊಂದು ದಿನ ಬಾಗಿಲಿನ ಹೊರಗೆ ತೂಗುಹಾಕಿದ್ದ ಮೆನುವನ್ನು ಪೂರ್ತಿ ಓದಿ ಬಂದಳು. ಅಷ್ಟು ವರ್ಷ ಎದುರಿಗಿದ್ದೂ ಅದರ ಅಕ್ಷರ ಇಷ್ಟು ಸಣ್ಣದೆಂದು ಅವಳಿಗೆ ಗೊತ್ತಿರಲಿಲ್ಲ.

ಅಕ್ಟೋಬರಿನ ಒಂದು ಗುರುವಾರ ಕಾರ್ಖಾನೆಯಿಂದ ನೇರ ಮನೆಗೆ ಬಂದು, ಚರ್ಚಿಗೆ ಹಾಕಿಕೊಳ್ಳುವ ನೀಲಿ ಉಡುಪು ಹಾಕಿಕೊಂಡು, ಕೈಚೀಲ ಎದೆಗೆ ಅವುಚಿಕೊಂಡು ಎರ್ಸೀಲಿಯಾ ರಸ್ತೆ ದಾಟಿದಳು. ಸಂಜೆ ಐದೂ ಆಗಿರಲಿಲ್ಲ. ಒಳಗೆ ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಕೆಂಪು ಚೌಕುಳಿಯ ಮೇಜುಬಟ್ಟೆ ಹಾಸುತ್ತಿದ್ದ ಪರಿಚಾರಕಿ ಲೋರೆಟ್ಟಾ ತಲೆಯೆತ್ತಿ ನೋಡಿದಳು. ಐವತ್ತರ ಹತ್ತಿರದ, ಕೂದಲಿಗೆ ಕೆಂಪು ಬಣ್ಣ ಹಚ್ಚಿದ, ಮಾತಿಗೆ ಬ್ರೇಕಿಲ್ಲದ ಹೆಂಗಸು.

"ಒಬ್ಬರೇನಾ?" ಎಂದವಳು, ಮುಖ ನೋಡಿ ಬಟ್ಟೆ ಕೆಳಗೆ ಹಾಕಿದಳು. "ಅಯ್ಯೋ ದೇವರೇ! ಅಮೆದೆಯೊ, ಬಾ ಇಲ್ಲಿ! ಪರದೆ ಹಿಂದಿನವಳು ಬಂದಿದ್ದಾಳೆ!"

ಎರ್ಸೀಲಿಯಾಗೆ ನೆಲ ಬಾಯಿಬಿಡಬಾರದೇ ಎನಿಸಿತು. "ಯಾವ ಪರದೆ?"

"ನಿಂದೇ ಕಣೇ, ಆ ಮೇಲಿನ ಕಿಟಕಿ ಪರದೆ! ನಾನಿಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ ಆಯ್ತು. ಅವತ್ತಿಂದ ನೋಡ್ತಿದೀನಿ, ಪರದೆ ಹಿಂದೆ ನಿಂತ್ಕೊಂಡು ನಮ್ಮ ಬಾಗಿಲು ಕಾಯ್ತೀಯ. ಬೀಗ ಹಾಕೋದು ಮರೆತ್ರೂ ಚಿಂತೆ ಇಲ್ಲ, ಎರ್ಸಿ ಇದ್ದಾಳೆ ಅಂತ ತಮಾಷೆ ಮಾಡ್ತಿದ್ವಿ."

"ನಾನೇನು ನಿಮ್ಮನ್ನ ನೋಡ್ತಿರಲಿಲ್ಲ. ಗಾಳಿಗೆ ನಿಲ್ತಿದ್ದೆ."

"ಜನವರಿಲೂ ಗಾಳಿಗಾ?" ಎಂದು ಲೋರೆಟ್ಟಾ ಕುರ್ಚಿ ಎಳೆದಳು. "ಕೂತ್ಕೋ ಮಾರಾಯ್ತಿ. ಎಲ್ಲಿ ಬೇಕು?"

ಎರ್ಸೀಲಿಯಾ ಕಿಟಕಿಯ ಪಕ್ಕದ ಮೇಜಿಗೆ ಕೂತಳು. ಅಲ್ಲಿಂದ ಹೊರಗೆ ನೋಡಿದಾಗ ಎದುರಿಗೆ ಕಂಡದ್ದು ಅವಳದೇ ಮನೆ. ಅಪ್ಪನ ಅಂಗಡಿಯ ಮುಚ್ಚಿದ ಬಾಗಿಲು, ಮೇಲೆ ಅವಳ ಕಿಟಕಿ, ಒಂದು ಕಡೆ ಜಾರಿದ ಪರದೆ. ಎಷ್ಟು ಚಿಕ್ಕ ಮನೆ! ಇಲ್ಲಿ ಕೂತು ಗ್ರೇವಿಯಲ್ಲಿ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದವರಿಗೆಲ್ಲ ತಾನು ಹೀಗೆ ಕಾಣುತ್ತಿದ್ದೆನೇ ಎಂದು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಕಣ್ಣಾಡಿಸಿದಳು. ಅವಳು ಅಂದುಕೊಂಡದ್ದರಲ್ಲಿ ಅರ್ಧ ತಪ್ಪಾಗಿತ್ತು. ಕೋಣೆ ಅವಳ ಊಹೆಗಿಂತ ಸಣ್ಣದು, ಹನ್ನೊಂದೇ ಮೇಜು. ಸಂಜೆಹೊತ್ತು ಕೇಳುತ್ತಿದ್ದ ಗಂಡಸಿನ ಹಾಡು ಅಡುಗೆಯವನದಲ್ಲ, ರೇಡಿಯೊದ್ದು. ಗೋಡೆಯ ಮೇಲೆ ಸಾಲಾಗಿ ಮದುವೆಯ ಫೋಟೊಗಳು. ಒತ್ತಾವಿಯೊನದೂ ಇತ್ತು. ಪಕ್ಕದಲ್ಲಿ ದುಂಡುಮುಖದ ಹುಡುಗಿ. ಎರ್ಸೀಲಿಯಾ ಎದ್ದು ಹೋಗಿ ಆ ಹುಡುಗಿಯ ಮುಖವನ್ನು ಹತ್ತಿರದಿಂದ ನೋಡಿದಳು. ಒಳ್ಳೆಯವಳ ಹಾಗಿದ್ದಾಳೆ ಎಂದುಕೊಂಡು ಬಂದು ಕೂತಳು.

ಮಾಲೀಕ ಅಮೆದೆಯೊ ಬಂದ. ಪಾಂಫಿಲೊನ ಮಗ, ಎರ್ಸೀಲಿಯಾಗಿಂತ ಎರಡು ವರ್ಷ ಚಿಕ್ಕವ. ಒಂದೇ ಶಾಲೆಯಲ್ಲಿ ಓದಿದವರು, ಚರ್ಚಿನಲ್ಲಿ ಒಬ್ಬರ ಹಿಂದೆ ಒಬ್ಬರು ಕೂರುವವರು. ಮಾತು ಮಾತ್ರ ಇವತ್ತೇ ಮೊದಲು.

"ನಿಮ್ಮಪ್ಪ, ಮೇಸ್ತ್ರಿಗಳು, ಹೋಗಿದ್ದು ಬೇಜಾರಾಯ್ತು" ಎಂದ.

"ತಟ್ಟೆ ಕಳಿಸಿದ್ರಿ. ಬಂದು ಹೇಳೋಕಾಗಲಿಲ್ಲ."

"ಅಮ್ಮ ಕಳಿಸಿದ್ದು. ಅವಳಿಗೆ ಎಂಬತ್ನಾಲ್ಕು, ಆದ್ರೂ ಆ ದೊಣ್ಣೆಮೆಣಸಿನಕಾಯಿ ಅವಳೇ ಸುಟ್ಟಳು." ಅವನು ಏಪ್ರನ್ನಿಗೆ ಕೈ ಒರೆಸಿಕೊಂಡ. "ಏನು ತರಿಸ್ಲಿ?"

ಏನು ಬೇಕೆಂದು ಎರ್ಸೀಲಿಯಾಗೆ ನಲವತ್ತೈದು ವರ್ಷದಿಂದ ಗೊತ್ತಿತ್ತು. ಗುರುವಾರದ ಸಾರು ಬಂತು. ತಟ್ಟೆಯಲ್ಲಿ ಮೂರು ಸುರುಳಿ, ಮೇಲೆ ಹೊಗೆಯಾಡುವ ಸಾರು. ಅವಳು ಮೊದಲು ಮೂಸಿದಳು. ಇದೇ, ಇದೇ ವಾಸನೆ. ಆದರೆ ನಾಲಿಗೆಗೆ ಬಿದ್ದಾಗ ಅವಳಿಗೆ ಆಶ್ಚರ್ಯವಾಯಿತು. ವಾಸನೆ ಹೇಳಿದ್ದೇ ಒಂದು, ರುಚಿ ಇನ್ನೊಂದು. ಚೀಸು ಕರಗಿ ಸಾರಿಗೆ ಸೇರಿದ್ದು, ಆ ತೆಳುಹಾಳೆ ಬಾಯಲ್ಲಿ ಮೆತ್ತಗೆ ಬಿಚ್ಚಿಕೊಂಡದ್ದು ಇವು ಯಾವುವೂ ರಸ್ತೆ ದಾಟಿ ಅವಳ ಕಿಟಕಿಗೆ ಬಂದಿರಲಿಲ್ಲ. ಚಮಚ ಕೆಳಗಿಡದೆ ಮುಗಿಸಿದಳು. ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿದಳು.

ಅಷ್ಟರಲ್ಲಿ ಅಡುಗೆಮನೆಯಿಂದ ಆ ನಾಲ್ಕು ಗಂಟೆಯ ವಾಸನೆ ಇನ್ನೂ ಉಳಿದುಕೊಂಡದ್ದು ಮೆಲ್ಲಗೆ ತೇಲಿಬಂತು.

"ಲೋರೆಟ್ಟಾ, ಇದು ಯಾವ ಅಡುಗೆದು? ಈ ಕಹಿ ವಾಸನೆ?"

"ಇದಾ? ಇದು ಮೆನುನಲ್ಲಿಲ್ಲ. ಅಮೆದೆಯೊ ಅಮ್ಮನ ಕಾರ್ಬಾರು. ಹೋಗಿ ಕೇಳು, ಆ ಬಾಗಿಲ ಹಿಂದೆಯೇ ಕೂತಿದ್ದಾಳೆ."

ಅಡುಗೆಮನೆಯ ಬಾಗಿಲ ಹಿಂದೆ, ಒಲೆಗೆ ಹತ್ತಿರ, ಕುಳ್ಳ ಕುರ್ಚಿಯಲ್ಲಿ ಪಾಂಫಿಲೊನ ವಿಧವೆ ನುನ್ಸಿಯಾತೀನಾ ಕೂತಿದ್ದಳು. ಮಡಿಲಲ್ಲಿ ಸೊಪ್ಪಿನ ರಾಶಿ. ಒಲೆಯ ಅಂಚಿನಲ್ಲಿ ಕಿತ್ತಳೆ ಸಿಪ್ಪೆಯ ಸಾಲು, ಒಣಗುತ್ತ, ತುದಿಯಲ್ಲಿ ಕರಕಾಗುತ್ತ. ಊಟದ ಕೊನೆಗೆ ಕುಡಿಯುವ ಕಷಾಯದಂಥ ಮದ್ಯಕ್ಕೆ ಅದನ್ನು ಹಾಕುತ್ತಾರೆ. ಎರ್ಸೀಲಿಯಾ ಬಗ್ಗಿ ಒಂದು ಸಿಪ್ಪೆ ಎತ್ತಿಕೊಂಡು ಮೂಸಿದಳು. ಇಷ್ಟೇನಾ!

"ಇಷ್ಟೇನೇ" ಎಂದಳು ಮುದುಕಿ, ಅವಳ ಮುಖ ನೋಡಿಯೇ. "ಅದನ್ನ ಕೇಳೋಕೆ ಬಂದ್ಯಾ?"

"ಹೂಂ, ಚಿಕ್ಕಮ್ಮ."

"ಬರೀ ಅದನ್ನೇ?"

ಎರ್ಸೀಲಿಯಾ ಸಿಪ್ಪೆಯನ್ನು ಮತ್ತೆ ಸಾಲಿನಲ್ಲಿಟ್ಟಳು. ಪಕ್ಕದಲ್ಲಿ ತರಕಾರಿಯ ಮರದ ಪೆಟ್ಟಿಗೆ ಬೋರಲು ಬಿದ್ದಿತ್ತು, ಅದರ ಮೇಲೆ ಕೂತಳು. "ಅಪ್ಪ ಯಾಕೆ ಇಲ್ಲಿಗೆ ಬರ್ತಿರಲಿಲ್ಲ?"

"ಅಂತೂ ಕೇಳಿದೆಯಲ್ಲ. ನಲವತ್ತು ವರ್ಷ ಕಿಟಕೀಲಿ ನಿಂತ್ಯೇ ಹೊರತು ಬಂದು ಕೇಳಲಿಲ್ಲ. 'ನಾನು ಬದುಕಿರೋ ತನಕ ಯಾರಿಗೂ ಹೇಳ್ಬೇಡ' ಅಂತ ನಿಮ್ಮಪ್ಪ ನನ್ನ ಮಕ್ಕಳ ಮೇಲೆ ಆಣೆ ಹಾಕಿಸ್ಕೊಂಡಿದ್ದ. ಅವನು ಹೋಗಿ ಏಳು ತಿಂಗಳಾಯ್ತು. ನಾನೂ ಇನ್ನೆಷ್ಟು ದಿನ ಕಾಯ್ಲಿ?"

ಸೊಪ್ಪು ಬಿಡಿಸುತ್ತಲೇ ಅವಳು ಹೇಳಿದಳು. ಹೋಟೆಲು ತೆರೆದದ್ದು ೧೯೩೪ರಲ್ಲಿ, ಸಂತ ಜೋಸೆಫರ ಹಬ್ಬದ ದಿನ. ನಲವತ್ತು ಜನ ನೆಂಟರಿಷ್ಟರನ್ನು ಊಟಕ್ಕೆ ಕರೆದಿದ್ದರು. ಮೊದಲನೆಯ ತಟ್ಟೆ ಗೆಳೆಯ ವೆನಾನ್ಸಿಯೊನಿಗೇ ಸಲ್ಲಬೇಕೆಂದು ಪಾಂಫಿಲೊನ ಹಟ. ಅಡುಗೆ ನುನ್ಸಿಯಾತೀನಾಳದೇ. ಯಾರೋ ಪುಣ್ಯಾತ್ಮರು ಸೀಮೆಎಣ್ಣೆಯ ಹಳೆ ಡಬ್ಬಿಯನ್ನು ಸರಿಯಾಗಿ ತೊಳೆಯದೆ ಅದಕ್ಕೇ ಆಲಿವ್ ಎಣ್ಣೆ ತುಂಬಿಟ್ಟಿದ್ದರು. ಆಗಿನ ಅಡುಗೆಮನೆಯಲ್ಲಿ ಸೀಮೆಎಣ್ಣೆಯದೇ ಸ್ಟೋವು, ಬೆಳಗಿನಿಂದ ಆ ವಾಸನೆಯಲ್ಲೇ ಮುಳುಗಿದ್ದ ಅವಳ ಮೂಗಿಗೆ ಏನೂ ತಿಳಿಯಲಿಲ್ಲ.

"ನಿಮ್ಮಪ್ಪ ಒಂದು ತುತ್ತು ತಿಂದ. ಎರಡು ತಿಂದ. ಅರ್ಧ ತಟ್ಟೆ ಖಾಲಿ ಮಾಡಿ, ಎದ್ದು ನಿಂತು, ಗ್ಲಾಸು ಎತ್ತಿ, 'ನಮ್ಮವ್ವ ಸತ್ತ ಮೇಲೆ ಇಂಥ ಊಟ ನಾನು ಉಂಡಿಲ್ಲ' ಅಂದ. ಜನ ಚಪ್ಪಾಳೆ ಹೊಡೆದ್ರು. ಅಷ್ಟರಲ್ಲಿ ಮಿಕ್ಕವರಿಗೂ ತಟ್ಟೆ ಬಂತು. ಬಾಯಿಗಿಟ್ಟವರೆಲ್ಲ ಥೂ ಥೂ ಅಂತ ಉಗುಳಿದ್ರು! ಆಮೇಲೆ ನಗು ಶುರುವಾಯ್ತು ನೋಡು. ಮೇಸ್ತ್ರಿ ಅವ್ವ ಸೀಮೆಎಣ್ಣೇಲೇ ಒಗ್ಗರಣೆ ಹಾಕ್ತಿದ್ಲು ಅಂತ ಒಬ್ಬ. ಮೇಸ್ತ್ರಿ ಬಾಯಿಗೆ ಬೆಂಕಿಕಡ್ಡಿ ತೋರಿಸ್ಬೇಡಿ ಅಂತ ಇನ್ನೊಬ್ಬ. ನಮ್ಮೆಜಮಾನ್ರಿಗೆ ರಕ್ತ ತಲೆಗೇರ್ತು. 'ಗೊತ್ತಿದ್ದೂ ಗೊತ್ತಿದ್ದೂ ನನ್ನ ಹೆಂಡ್ತಿನ ಎಲ್ಲರೆದುರು ಆಡಿಕೊಂಡ್ಯಾ' ಅಂತ ಎಗರಿದ್ರು. ನಿಮ್ಮಪ್ಪ ಬಿಳಿಚಿಕೊಂಡು ನಿಂತಿದ್ದ. ಟೋಪಿ ತಗೊಂಡು ಹೋದ."

"ಅವರಿಗೆ ಗೊತ್ತಾಗಲಿಲ್ವಾ, ಸೀಮೆಎಣ್ಣೆ ಅಂತ?"

"ಕೇಳು. ಮಾರನೇ ದಿನ ಬೆಳಿಗ್ಗೆ ಕ್ಷಮೆ ಕೇಳೋಣ ಅಂತ ನಾನೊಬ್ಳೇ ನಿಮ್ಮ ಅಂಗಡಿಗೆ ಬಂದೆ. ಬಾಗಿಲು ತೆಗೆದ್ರೆ ಉಸಿರು ಕಟ್ತು. ಒಳಗಡೆ ಮೂಲೇಲಿ ಬೂಟಿಗೆ ಹಚ್ಚೋ ಅಂಟಿನ, ಸರೇಸಿನ ಪಾತ್ರೆ ಕರಕಲಾಗಿ ಉರೀತಿದೆ, ಅಂಗಡಿ ತುಂಬ ಅದರ ನಾತ. ನಿಮ್ಮಪ್ಪ ಅದಕ್ಕೆ ಬೆನ್ನು ಮಾಡಿ ಕೂತು, ಸಿಳ್ಳೆ ಹಾಕ್ತಾ ಮೊಳೆ ಹೊಡೀತಿದ್ದಾನೆ! ನಾನು ಓಡಿ ಪಾತ್ರೆ ಇಳಿಸಿದೆ. ತಿರುಗಿ ನೋಡಿದ. ಆಗ ನನಗೆ ಹೊಳೀತು. 'ವೆನಾನ್ಸಿಯೊ, ನಿನಗೆ ವಾಸನೆ ಬರಲ್ವಾ?' ಅಂದೆ. ಆ ಗಂಡಸು ಅತ್ತ ಕಣೇ."

ಎರ್ಸೀಲಿಯಾ ಹುಟ್ಟಿದ ಎರಡು ವರ್ಷಕ್ಕೆ ವೆನಾನ್ಸಿಯೊ ನೆಲದಡಿಯ ರೈಲುಮಾರ್ಗ ಅಗೆಯುವ ಕೆಲಸದಲ್ಲಿದ್ದಾಗ ಮರದ ಅಟ್ಟಣೆಯಿಂದ ತಲೆ ಕೆಳಗಾಗಿ ಬಿದ್ದಿದ್ದ. ಅದು ಅವಳಿಗೂ ಗೊತ್ತಿತ್ತು. ಗಾಯ ಮಾಯಿತು, ಮೂಗಿನ ಶಕ್ತಿ ಹೋಯಿತು. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ, ಖಾರ ಇಷ್ಟೇ ತಿಳಿಯುತ್ತಿತ್ತು. ಮಿಕ್ಕದ್ದೆಲ್ಲ ಬರೀ ಬಿಸಿ, ಬರೀ ಮೆತ್ತಗೆ. ಅವನ ಜೊತೆಯೇ ಬಿದ್ದ ಇನ್ನೊಬ್ಬನನ್ನು ತಲೆ ಕೆಟ್ಟಿದೆಯೆಂದು ಹುಚ್ಚಾಸ್ಪತ್ರೆಗೆ ಸೇರಿಸಿದ್ದರು. ಆ ಹೆದರಿಕೆಗೆ ಆತ ಬಾಯಿ ಬಿಡಲಿಲ್ಲ. ಆಮೇಲೆ ಬೂಟಿನ ಅಂಗಡಿ ಹಾಕಿದ ಮೇಲಂತೂ ಬಿಡುವ ಹಾಗೇ ಇರಲಿಲ್ಲ. ಚರ್ಮದ ಹದವನ್ನು ಮೂಸಿ ನೋಡಿ ಹೇಳಲಾಗದ ಮೇಸ್ತ್ರಿಯ ಹತ್ತಿರ ಯಾರು ಬರುತ್ತಾರೆ?

"ನಮ್ಮಮ್ಮನಿಗೆ ಗೊತ್ತಿತ್ತಾ?"

"ಅದು ನನಗೂ ತಿಳೀದು. ಒಂದೇ ಹಾಸಿಗೇಲಿ ಮಲಗೋರು ಎಷ್ಟು ಹೇಳಿಕೊಳ್ತಾರೆ, ಎಷ್ಟು ಬಿಡ್ತಾರೆ, ಯಾರಿಗೆ ಗೊತ್ತು."

ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದ ಅಪ್ಪ ಎರ್ಸೀಲಿಯಾಳ ಕಣ್ಣೆದುರು ಬಂದ. ಈರುಳ್ಳಿ ಬಿತ್ತು, ಆಮೇಲೆ? ಆಮೇಲೆ ವೈನು. ಆಮೇಲೆ? ಶತ್ರುವಿನ ಮನೆಯ ಸುದ್ದಿಯೆಂದು ತಾನು ನಗುತ್ತಿದ್ದ ಆ ಮಾತೇ ಆತನಿಗೆ ದಿನದ ಒಂದೇ ಊಟವಾಗಿತ್ತೆಂದು ಹೊಳೆಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಅವಳು ಮದುವೆಯ ಫೋಟೊಗಳಿದ್ದ ಹೊರಗಿನ ಗೋಡೆಯ ಕಡೆ ತಲೆಯಾಡಿಸಿದಳು. "ಒತ್ತಾವಿಯೊ ವಿಷಯದಲ್ಲಿ... ಒಂದೇ ಒಂದು ಮಾತು ಹೇಳಿದ್ದಿದ್ರೆ, ಚಿಕ್ಕಮ್ಮ."

"ಗೊತ್ತು. ಆವಾಗ ಎರಡು ಸಲ ನಿಮ್ಮ ಮೆಟ್ಟಿಲ ತನಕ ಬಂದೆ. ಗಾಜಿನ ಹಿಂದಿನಿಂದ ನಿಮ್ಮಪ್ಪ ಬೇಡ ಅಂತ ತಲೆ ಅಲ್ಲಾಡಿಸಿದ. ವಾಪಸ್ ಬಂದೆ. ಬೈಬೇಕು ಅನ್ನಿಸಿದ್ರೆ ನನ್ನನ್ನೂ ಬೈ. ಇಬ್ಬರ ಪಾಲೂ ಇದೆ."

ಎರ್ಸೀಲಿಯಾ ಬೈಯಲಿಲ್ಲ. ಮುದುಕಿಯ ಮಡಿಲಿನಿಂದ ಅರ್ಧ ಸೊಪ್ಪು ತನ್ನ ಮಡಿಲಿಗೆ ಎಳೆದುಕೊಂಡು ಬಿಡಿಸತೊಡಗಿದಳು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಮೆದೆಯೊ ಕಂಬದ ಹಾಗಾಗಿದ್ದ. "ಅಮ್ಮ, ಅಪ್ಪನಿಗಾದ್ರೂ ಹೇಳಬಾರದಿತ್ತಾ? ಸಾಯೋ ತನಕ ಕಿತ್ತುಹೋದ ಬೂಟು ಎತ್ಕೊಂಡು ಎಂಟು ಬೀದಿ ಆಚೆ ಇನ್ನೊಬ್ಬ ರಿಪೇರಿಯವನ ಹತ್ರ ಹೋಗ್ತಿದ್ರು. ಹಿಮದಲ್ಲೂ! ಆ ಮನುಷ್ಯ ಹೊಲಿದದ್ದು ಒಂದು ತಿಂಗಳು ಬರ್ತಿರಲಿಲ್ಲ."

"ನಿನ್ನ ತಲೆ ಮೇಲೆ ಆಣೆ ಇಟ್ಟಿದ್ದೆನಲ್ಲೋ ಪೆದ್ದ!" ಎಂದಳು ತಾಯಿ. "ನಿನ್ನ ತಲೆ ಉಳಿಸೋಣ ಅಂತ ಅವರ ಕಾಲು ನೆನೆಸಿದೆ."

ಅವನ ಹಿಂದೆ ನಿಂತಿದ್ದ ಲೋರೆಟ್ಟಾ ಮೊದಲು ನಕ್ಕಳು. ಆಮೇಲೆ ಎರ್ಸೀಲಿಯಾಗೂ ತಡೆಯಲಾಗಲಿಲ್ಲ. ಕಣ್ಣು ಒರೆಸಿಕೊಳ್ಳುತ್ತ, ನಗುತ್ತ, ಇನ್ನೂ ಒಂದು ತಟ್ಟೆ ಸಾರು ಬೇಕೆಂದಳು.

ಅಂದಿನಿಂದ ಪ್ರತಿ ಗುರುವಾರ ಅವಳ ಊಟ ಅಲ್ಲೇ. ಮೆನುವನ್ನು ಮೇಲಿಂದ ಕೆಳಗಿನವರೆಗೆ ಒಂದೂ ಬಿಡದೆ ತಿನ್ನಬೇಕೆಂದು ತೀರ್ಮಾನಿಸಿ, ಸಾಲು ಹಿಡಿದು ಹೋದಳು. ಕರುವಿನ ಮಾಂಸದ ಹುರಿದ ತುಂಡು ಹಿಡಿಸಿತು. ಬದನೆಕಾಯಿಯದು ಅಷ್ಟಕ್ಕಷ್ಟೆ. ದನದ ಕರುಳಿನ ಪಲ್ಯದ ಮೇಲೆ ಎರಡು ಗುರುವಾರ ಯುದ್ಧ ನಡೆಯಿತು.

"ಇದು ಹಸಿ ಟವೆಲ್ ಅಗಿದ ಹಾಗಿದೆ" ಎಂದಳು ಎರ್ಸೀಲಿಯಾ.

"ಟವೆಲ್ ತಿಂದು ಅಭ್ಯಾಸ ಇರಬೇಕು ನಿಂಗೆ" ಎಂದಳು ಲೋರೆಟ್ಟಾ.

"ಇಲ್ಲ ಕಣೇ, ಅದಕ್ಕೇ ಹಿಡಿಸ್ತಿಲ್ಲ. ತಗೊಂಡು ಹೋಗು."

ಚೆನ್ನಾಗಿಲ್ಲ ಎಂಬ ಮಾತನ್ನು ಹೀಗೆ ಎದುರಿಗೇ ಹೇಳುವುದರಲ್ಲಿ ಎಷ್ಟು ಸುಖವಿದೆಯೆಂದು ಅವಳಿಗೆ ಆಗಲೇ ಗೊತ್ತಾದದ್ದು. ಅಡುಗೆಯವನು ಮೊದಮೊದಲು ಮುಖ ಊದಿಸಿಕೊಂಡ. ಆರು ತಿಂಗಳು ಕಳೆದ ಮೇಲೆ, ಗ್ರೇವಿ ಇಳಿಸುವ ಮುಂಚೆ ಅವಳನ್ನೇ ಒಳಗೆ ಕರೆದು ಒಂದು ಚಮಚ ಕೊಡುವ ಹಾಗಾದ. ಮೂಗು ಒಡ್ಡಿದರೆ ಸಾಕು, ಏನು ಕಮ್ಮಿಯೆಂದು ಹೇಳಿಬಿಡುತ್ತಿದ್ದಳು.

ಉಂಡಾದ ಮೇಲೆ ಅಡುಗೆಮನೆಯ ಮರದ ಪೆಟ್ಟಿಗೆಯ ಮೇಲೆ ಕೂತು ನುನ್ಸಿಯಾತೀನಾಳನ್ನು ಒಂದೊಂದಾಗಿ ಕೇಳುತ್ತಿದ್ದಳು. ಹಡಗಿನಲ್ಲಿ ಅಪ್ಪ ಹೇಗಿದ್ದ? ಹಾಡುತ್ತಿದ್ದನೇ? ಅಮ್ಮನನ್ನು ಮೊದಲು ನೋಡಿದ್ದು ಎಲ್ಲಿ? ಮುದುಕಿ ಎರಡು ವರ್ಷ ಉತ್ತರ ಕೊಟ್ಟಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದಳು, ಒಂದು ಬೆಳಿಗ್ಗೆ ಏಳಲಿಲ್ಲ. ಅವಳ ಮಣ್ಣಿನ ಊಟದಲ್ಲಿ ಬಡಿಸಿದವರಲ್ಲಿ ಎರ್ಸೀಲಿಯಾ ಒಬ್ಬಳು.

ಕೇಳುವ ರುಚಿ ಹತ್ತಿದ ಮೇಲೆ ಅವಳು ಯಾರನ್ನೂ ಬಿಡಲಿಲ್ಲ. ಪಾದ್ರಿಗಳ ಕಾಲು ಯಾಕೆ ಕುಂಟುತ್ತದೆ, ಮೂಲೆಮನೆಯವರು ಒಂದು ಕೋಣೆಗೆ ಸದಾ ಬೀಗ ಯಾಕೆ ಹಾಕುತ್ತಾರೆ, ಎಲ್ಲವನ್ನೂ ನೇರ ಹೋಗಿ ಕೇಳುತ್ತಿದ್ದಳು. ಕೆಲವರು ಬೈದರು. ಬಹಳ ಮಂದಿ, ಯಾರಾದರೂ ಕೇಳಲಿ ಎಂದೇ ಕಾದಿದ್ದವರಂತೆ ಕೂರಿಸಿಕೊಂಡು ಹೇಳಿದರು.

೧೯೮೩ರಲ್ಲಿ ಅಪ್ಪನ ಅಂಗಡಿಯನ್ನು ಒಂದು ಕಾಂಬೋಡಿಯಾದ ಸಂಸಾರಕ್ಕೆ ಬಾಡಿಗೆಗೆ ಕೊಟ್ಟಳು. ಗಂಡ ಹೆಂಡತಿ ಅಲ್ಲಿ ದಿನಸಿ ಅಂಗಡಿ ಹಾಕಿದರು. ಒಣಮೀನು, ನಿಂಬೆಯ ವಾಸನೆಯ ಮಜ್ಜಿಗೆ ಹುಲ್ಲು, ಅವಳು ಕಂಡು ಕೇಳರಿಯದ ಬೇರುಗಳು. ಬೀದಿಯವರು ಮೂಗು ಮುಚ್ಚಿಕೊಂಡು ಗೊಣಗಿದರು. ಎರ್ಸೀಲಿಯಾ ಎರಡನೆಯ ದಿನವೇ ಕೆಳಗಿಳಿದು ಹೋಗಿ, ಚನ್ಥಾ ಎಂಬ ಆ ಹೆಂಗಸನ್ನು "ಇದೇನು? ಇದನ್ನ ಯಾವುದಕ್ಕೆ ಹಾಕ್ತೀರಿ?" ಎಂದು ಒಂದೊಂದು ಬುಟ್ಟಿಯ ಮುಂದೂ ನಿಂತು ಕೇಳಿದಳು. ಚನ್ಥಾಳಿಗೆ ಭಾಷೆ ಅಷ್ಟಾಗಿ ಬಾರದು. ಉತ್ತರದ ಬದಲು ಒಂದು ಬಟ್ಟಲು ಸಾರು ತಂದು ಕೈಗಿಟ್ಟಳು.

ಅದಕ್ಕೆ ಪ್ರತಿಯಾಗಿ ಒಂದು ಶುಕ್ರವಾರ ಎರ್ಸೀಲಿಯಾ ಅವಳನ್ನು ಪಾಂಫಿಲೊನ ಹೋಟೆಲಿಗೆ ಕರೆದುಕೊಂಡು ಹೋದಳು. ಏಡಿಯ ಗ್ರೇವಿ ಬಂತು. ಚನ್ಥಾ ಒಂದು ತುತ್ತು ತಿಂದು ಯೋಚಿಸಿದಳು. ಆಮೇಲೆ ಚೀಲ ಬಿಚ್ಚಿ, ಒಂದು ನಿಂಬೆಹಣ್ಣು, ಕಾಗದದ ಪೊಟ್ಟಣದಲ್ಲಿ ಕುಟ್ಟಿದ ಕರಿಮೆಣಸು ತೆಗೆದಳು. ಸಣ್ಣ ತಟ್ಟೆಯಲ್ಲಿ ಮೆಣಸು, ಉಪ್ಪು ಹಾಕಿ ನಿಂಬೆ ಹಿಂಡಿ, ಏಡಿಯ ಕಾಲು ಮುರಿದು ಅದರಲ್ಲಿ ಅದ್ದಿದಳು.

"ದೇವರೇ! ಪಾಂಫಿಲೊ ಗೋರೀಲಿ ಮಗ್ಗುಲು ಬದಲಾಯಿಸ್ತಾರೆ!" ಎಂದಳು ಲೋರೆಟ್ಟಾ. "ಎರ್ಸಿ, ಹೇಳೇ ಅವಳಿಗೆ. ಗ್ರೇವಿ ಏಡಿಗೆ ನಿಂಬೆಹಣ್ಣಾ?"

ಗಲ್ಲಾದಿಂದ ಅಮೆದೆಯೊ ಕತ್ತು ಉದ್ದ ಮಾಡಿ ನೋಡುತ್ತಿದ್ದ. ಚನ್ಥಾ ಗಾಬರಿಯಿಂದ ಪೊಟ್ಟಣ ಮಡಚಹೊರಟಳು.

"ಇರಲಿ, ಇರಲಿ" ಎಂದು ಎರ್ಸೀಲಿಯಾ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಮೂಸಿದಳು. ಒಂದು ತುಂಡು ಅದ್ದಿ ಬಾಯಿಗಿಟ್ಟುಕೊಂಡಳು. ಹೋಟೆಲಿನಲ್ಲಿದ್ದವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು.

"ಹೇಗಿದೆ?" ಎಂದ ಅಮೆದೆಯೊ.

"ತಡಿ, ಒಂದರಲ್ಲಿ ಗೊತ್ತಾಗಲ್ಲ" ಎಂದು ಅವಳು ಇನ್ನೊಂದು ಕಾಲು ಮುರಿದಳು.

ಅಮೆದೆಯೊ ಗಲ್ಲಾ ಬಿಟ್ಟು ಬಂದು, ಪಕ್ಕದ ಮೇಜಿನ ಕುರ್ಚಿ ಎಳೆದುಕೊಂಡು ಕೂತ. "ಲೋರೆಟ್ಟಾ, ನನಗೂ ಒಂದು ಫೋರ್ಕ್ ತಾ" ಎಂದ.